ಬಲೆಗೂ ಗಾಳಕ್ಕೂ ಸೀಸದ ಗುಂಡು: ಮನೆಯಂಗಳದಲ್ಲಿ ಎರಕ ಹೊಯ್ಯುವ ಕ್ರಮ

ಅಳಿವೆಗಳಲ್ಲಿ ಬೀಸುಬಲೆ ಹಾಕುವವರಿಗೂ, ಒಳನಾಡಿನ ಹೊಳೆ-ಕೆರೆಗಳ ದಡದಲ್ಲಿ ಗಾಳ ಹಾಕಿ ಕೂರುವವರಿಗೂ ಸೀಸದ ಗುಂಡು ವರ್ಷವಿಡೀ ಬೇಕಾಗುವ ವಸ್ತು. ಬಂಡೆಯ ಸಂದಿಗೆ ಸಿಕ್ಕಿ ದಾರ ಹರಿದರೆ ಗುಂಡು ನೀರುಪಾಲಾಗುತ್ತದೆ. ಬಲೆಯ ಅಂಚಿನ ಹಗ್ಗ ಹಳತಾದರೆ ಮಣಿಗಳು ಒಂದೊಂದಾಗಿ ಉದುರುತ್ತವೆ. ಅಂಗಡಿಯಲ್ಲಿ ಸಿಗುವ ಗುಂಡಿನ ತೂಕವಾಗಲಿ ಆಕಾರವಾಗಲಿ ನಮ್ಮ ಹೊಳೆಯ ಸೆಳೆತಕ್ಕೆ ಹೊಂದದೇ ಇರುವುದೂ ಉಂಟು. ಬೇಕಾದ ಗುಂಡನ್ನು ತಾವೇ ಎರಕ ಹೊಯ್ದುಕೊಳ್ಳಬೇಕೆಂಬ ಆಸೆ ಹುಟ್ಟುವುದು ಇಲ್ಲಿಯೇ. (ಕೋವಿಯ ಮದ್ದುಗುಂಡಿನ ವಿಷಯ ಬೇರೆ, ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ಅನ್ವಯಿಸುತ್ತದೆ. ಈ ಲೇಖನ ಮೀನು ಹಿಡಿಯುವ ಗುಂಡಿಗೆ ಮಾತ್ರ ಸಂಬಂಧಿಸಿದ್ದು.)

ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತಾಮ್ರಕ್ಕೆ ಸಾವಿರ ಡಿಗ್ರಿ ದಾಟಿಸಬೇಕಾದರೆ, ಸೀಸಕ್ಕೆ ಸೌದೆ ಒಲೆಯ ಉರಿಯೇ ಸಾಕು. ಇಷ್ಟು ಸುಲಭವಾಗಿ ಕರಗುವ ಕಾರಣಕ್ಕೇ ಅನೇಕರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅಚ್ಚಿಗೆ ಹೊಯ್ಯುವುದು ಕೆಲವೇ ಕ್ಷಣಗಳ ಕೆಲಸ. ಅದಕ್ಕೆ ಮೊದಲು ಎಲ್ಲವನ್ನೂ ಒಣಗಿಸಿಕೊಳ್ಳುವುದು ಮತ್ತು ಆಮೇಲೆ ಎಲ್ಲವನ್ನೂ ಶುಚಿಗೊಳಿಸುವುದೇ ಇದರಲ್ಲಿನ ನಿಜವಾದ ಕೆಲಸ. ಈ ಎರಡಕ್ಕೂ ಪುರುಸೊತ್ತಿಲ್ಲದವರು ಅಂಗಡಿಯಿಂದ ಗುಂಡು ಕೊಂಡು ತರುವುದೇ ಒಳ್ಳೆಯದು.

ಜಾಗ ಮತ್ತು ಉಡುಪು

ಅಡುಗೆಮನೆ, ಮುಚ್ಚಿದ ಗ್ಯಾರೇಜು, ಕೊಟ್ಟಿಗೆ ಇವು ಯಾವುವೂ ಇದಕ್ಕೆ ತಕ್ಕ ಜಾಗಗಳಲ್ಲ. ಗಾಳಿಯಾಡುವ, ಆದರೆ ಮೇಲೆ ಮಾಡು ಇರುವ ತೆರೆದ ಜಾಗ ಬೇಕು. ಬಾವಿಯಿಂದಲೂ ತರಕಾರಿ ಪಾತಿಯಿಂದಲೂ ದೂರವಿರಬೇಕು. ನೆಲ ಮಣ್ಣಿನದಾಗಿದ್ದರೆ ದಪ್ಪ ತಗಡು ಹಾಸಿಕೊಂಡರೆ ಚೆಲ್ಲಿದ ಸೀಸವನ್ನು ಹೆಕ್ಕಿ ತೆಗೆಯಬಹುದು. ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು, ಹೊಗೆ ನಿಮ್ಮ ಮುಖದ ಕಡೆಗೂ ಮನೆಯ ಕಿಟಕಿಯ ಕಡೆಗೂ ಹೋಗದಂತೆ ಒಲೆ ಇಡಿ. ಮಕ್ಕಳು, ಬಸುರಿಯರು, ಸಾಕುಪ್ರಾಣಿಗಳು ಆ ಹೊತ್ತಿನಲ್ಲಿ ಹತ್ತಿರ ಸುಳಿಯಬಾರದು. ಮಳೆಗಾಲದಲ್ಲಿ ಈ ಕೆಲಸವೇ ಬೇಡ.

ಉಡುವ ಬಟ್ಟೆ ದಪ್ಪ ಹತ್ತಿಯದಾಗಿರಲಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆಯ ಮೇಲೆ ಕಾದ ಸೀಸ ಬಿದ್ದರೆ ಬಟ್ಟೆಯೂ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ತುಂಬುತೋಳಿನ ಅಂಗಿ, ಕಾಲು ಪೂರ್ತಿ ಮುಚ್ಚುವ ಚರ್ಮದ ಬೂಟು, ಅದರ ಬಾಯಿಯನ್ನು ಮುಚ್ಚುವಂತೆ ಇಳಿಬಿಟ್ಟ ಪ್ಯಾಂಟು, ಚರ್ಮದ ಕೈಗವಸು, ಕನ್ನಡಕದ ಮೇಲೆ ಮುಖಪರದೆ ಇವಿಷ್ಟು ಕಡ್ಡಾಯ. ಹವಾಯಿ ಚಪ್ಪಲಿ ಮತ್ತು ಲುಂಗಿಯಲ್ಲಿ ಈ ಕೆಲಸಕ್ಕೆ ಕೂರುವುದು ನಮ್ಮಲ್ಲಿ ಸಾಮಾನ್ಯ. ದಯವಿಟ್ಟು ಅದನ್ನು ಬಿಡಿ. ಬಟ್ಟೆಯ ಮಾಸ್ಕ್ ಸೀಸದ ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ಬದಲಾಯಿಸಬಹುದಾದ ಪಿ-100 ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಕೊಳ್ಳುವುದು ಉತ್ತಮ.

ಸೀಸ ಎಲ್ಲಿಂದ?

ಗುಜರಿ ಅಂಗಡಿಗಳಲ್ಲಿ ಹಳೆಯ ನೀರಿನ ಕೊಳವೆ, ದೂರವಾಣಿ ಕೇಬಲ್ಲಿನ ಹೊದಿಕೆ, ಸೀಸದ ಹಾಳೆ, ವಾಹನದ ಚಕ್ರದ ಸಮತೋಲನಕ್ಕೆ ಹಚ್ಚುವ ತೂಕದ ತುಂಡು ಇವೆಲ್ಲ ಸಿಗುತ್ತವೆ. ಕೊಳವೆ ಮತ್ತು ಕೇಬಲ್ ಹೊದಿಕೆಯ ಸೀಸ ಮೆತ್ತಗಿದ್ದು, ಆರಂಭಿಸುವವರಿಗೆ ಅನುಕೂಲಕರ. ಚಕ್ರದ ತೂಕಗಳಲ್ಲಿ ಸೀಸದ ಜೊತೆಗೆ ಸತು ಮತ್ತು ಉಕ್ಕಿನವೂ ಬೆರೆತಿರುತ್ತವೆ. ಉಗುರಿನಿಂದ ಗೀರಿದರೆ ಗೆರೆ ಬೀಳುವುದು, ಕಾಗದದ ಮೇಲೆ ಎಳೆದರೆ ಬೂದುಗೆರೆ ಮೂಡುವುದು, ಸಿಮೆಂಟ್ ನೆಲಕ್ಕೆ ಬಿಟ್ಟರೆ ನಾದವಿಲ್ಲದೆ ದಪ್ಪೆಂದು ಬೀಳುವುದು ಇವು ಸೀಸದ ಲಕ್ಷಣಗಳು. ಸತುವಿನ ತುಂಡು ಗಟ್ಟಿಯಾಗಿದ್ದು, ಬಿದ್ದಾಗ ಠಣ್ ಎನ್ನುತ್ತದೆ. ಸತು ಕರಗುವುದು 419 ಡಿಗ್ರಿಯಲ್ಲಿ. ಆದ್ದರಿಂದ ಉರಿ ಹದದಲ್ಲಿದ್ದರೆ ಅದು ಕರಗದೆ ಮೇಲೆ ತೇಲುತ್ತದೆ, ಅದನ್ನು ಸೌಟಿನಿಂದ ತೆಗೆದು ಹಾಕಬಹುದು. ಉರಿ ಮೀರಿ ಸತುವೂ ಬೆರೆತುಹೋದರೆ ಇಡೀ ಪಾತ್ರೆಯ ಲೋಹ ಗಂಜಿಯಂತೆ ಮುದ್ದೆಗಟ್ಟಿ, ಅಚ್ಚಿನ ಮೂಲೆಗಳಿಗೆ ಇಳಿಯುವುದಿಲ್ಲ.

ವಾಹನದ ಹಳೆಯ ಬ್ಯಾಟರಿಯನ್ನು ಒಡೆದು ಸೀಸ ತೆಗೆಯುವ ಯೋಚನೆಯನ್ನು ಮಾತ್ರ ಮಾಡಬೇಡಿ. ಅದರಲ್ಲಿ ಗಂಧಕಾಮ್ಲವಿದೆ, ಫಲಕಗಳಿಗೆ ಮೆತ್ತಿದ ಸೀಸದ ಆಕ್ಸೈಡ್ ಮತ್ತು ಸಲ್ಫೇಟ್ ಮುಟ್ಟಿದರೆ ಧೂಳಾಗಿ ಹಾರುತ್ತವೆ. ಕೆಲವು ಬ್ಯಾಟರಿಗಳ ಮಿಶ್ರಲೋಹದಲ್ಲಿ ಆರ್ಸೆನಿಕ್ ಮತ್ತು ಆಂಟಿಮನಿ ಇರುವುದರಿಂದ, ಕರಗಿಸಿದ ಬಳಿಕ ಉಳಿಯುವ ಕಿಟ್ಟಕ್ಕೆ ತೇವ ತಗುಲಿದಾಗ ಆರ್ಸಿನ್‌ನಂತಹ ಮಾರಕ ಅನಿಲ ಹುಟ್ಟುವ ಅಪಾಯವೂ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ತಲುಪಬೇಕು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಹಿಂತಿರುಗಿಸಿದರೆ ಆಯಿತು.

ಪಾತ್ರೆ ಮತ್ತು ಒಲೆ

ದಪ್ಪ ತಳದ ಕಬ್ಬಿಣದ ಬಾಣಲೆ ಅಥವಾ ಬೆಸುಗೆ ಹಾಕಿದ ಉಕ್ಕಿನ ಪಾತ್ರೆ ಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ. ಅದು 660 ಡಿಗ್ರಿಯವರೆಗೆ ಕರಗದಿದ್ದರೂ ಅದಕ್ಕೆ ಬಹಳ ಮೊದಲೇ ಬಲ ಕಳೆದುಕೊಂಡು ಸೀಸದ ಭಾರಕ್ಕೆ ತಳ ಬಿಟ್ಟೀತು. ಒಂದು ಲೀಟರ್ ಸೀಸದ ತೂಕ 11 ಕಿಲೋಗ್ರಾಂ ಮೀರುತ್ತದೆ ಎಂಬುದನ್ನು ನೆನಪಿಟ್ಟರೆ ಒಲೆಯ ಕಾಲುಗಳು ಎಷ್ಟು ಗಟ್ಟಿಯಾಗಿರಬೇಕೆಂದು ತಿಳಿಯುತ್ತದೆ. ಮೊದಲ ಸಲಕ್ಕೆ 2 ಕಿಲೋ ಸೀಸ ಸಾಕು. ಅದು ಕರಗಿದಾಗ 200 ಮಿಲಿಲೀಟರ್ ಲೋಟವನ್ನೂ ತುಂಬುವುದಿಲ್ಲ, ಆದರೆ 30 ಗ್ರಾಂ ತೂಕದ ಅರವತ್ತಕ್ಕೂ ಹೆಚ್ಚು ಗುಂಡುಗಳಿಗೆ ಆಗುತ್ತದೆ. ಒಮ್ಮೆ ಸೀಸ ಕರಗಿಸಿದ ಬಾಣಲೆ, ಸೌಟು, ಚಮಚ ಯಾವುವೂ ಮತ್ತೆ ಅಡುಗೆಮನೆಗೆ ಹೋಗಬಾರದು. ಎಷ್ಟೇ ತಿಕ್ಕಿ ತೊಳೆದರೂ ಈ ಮಾತು ಬದಲಾಗದು. ಅವುಗಳ ಹಿಡಿಗೆ ಕೆಂಪು ಬಣ್ಣ ಬಳಿದಿಟ್ಟರೆ ಮನೆಯವರಿಗೂ ಗುರುತು ಸಿಗುತ್ತದೆ.

ಬಳಪದ ಕಲ್ಲಿನ ಅಚ್ಚು

ಅಲ್ಯೂಮಿನಿಯಂ ಅಚ್ಚುಗಳನ್ನು ಕೊಳ್ಳಬಹುದು. ಆದರೆ ನಮ್ಮ ನಾಡಿನವರಿಗೆ ಇದಕ್ಕಿಂತ ಹತ್ತಿರದ ವಸ್ತು ಬಳಪದ ಕಲ್ಲು. ಹೊಯ್ಸಳರ ಶಿಲ್ಪಿಗಳಿಗೆ ಸೂಕ್ಷ್ಮ ಕೆತ್ತನೆಗೆ ಒದಗಿದ ಇದೇ ಜಾತಿಯ ಮೆದುಕಲ್ಲು ಉಳಿಗೆ ಸುಲಭವಾಗಿ ಬಗ್ಗುತ್ತದೆ, ಬಿಸಿಯನ್ನು ತಡೆಯುತ್ತದೆ, ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ಲೋಕದ ಅನೇಕ ಕಡೆ ಪ್ರಾಚೀನ ಕಾಲದಿಂದಲೂ ಲೋಹದ ಎರಕಕ್ಕೆ ಈ ಕಲ್ಲಿನ ಅಚ್ಚನ್ನು ಬಳಸಿದ್ದಾರೆ.

ಅಂಗೈಯಗಲದ ಎರಡು ಬಿಲ್ಲೆಗಳನ್ನು ತೆಗೆದುಕೊಂಡು, ಗಾಜಿನ ಮೇಲೆ ಹಾಸಿದ ಮರಳುಕಾಗದದಲ್ಲಿ ನೀರು ಹಾಕಿ ಉಜ್ಜಿ, ಒಂದರ ಮೇಲೊಂದು ಇಟ್ಟಾಗ ಸಂದಿಯಲ್ಲಿ ಬೆಳಕು ಕಾಣದಷ್ಟು ಸಮಮಾಡಿಕೊಳ್ಳಿ. ಉಜ್ಜುವುದನ್ನೂ ಕೆತ್ತುವುದನ್ನೂ ಒದ್ದೆಯಾಗಿಯೇ ಮಾಡಿ. ಈ ಕಲ್ಲಿನ ಒಣಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎರಡು ಮೂಲೆಗಳಲ್ಲಿ ರಂಧ್ರ ಕೊರೆದು ಮೊಳೆ ತೂರಿಸಿದರೆ ಬಿಲ್ಲೆಗಳು ಪ್ರತಿಸಲವೂ ಒಂದೇ ಜಾಗದಲ್ಲಿ ಕೂರುತ್ತವೆ. ಆಮೇಲೆ ಗುಂಡಿನ ಅರ್ಧ ಆಕಾರವನ್ನು ಒಂದೊಂದು ಬಿಲ್ಲೆಯಲ್ಲಿ ಕೆತ್ತಬೇಕು. ಮರಳು ತಳಕ್ಕೆ ಗೋಪುರದಾಕಾರ ನಾಟಿಕೊಂಡು ನಿಲ್ಲುತ್ತದೆ. ಸೆಳೆತವಿರುವ ಹೊಳೆಗೆ ಚಪ್ಪಟೆ ಬಿಲ್ಲೆ ಉರುಳದೆ ಕೂರುತ್ತದೆ. ಬಂಡೆಗಳ ನಡುವೆ ಮೊಟ್ಟೆಯಾಕಾರ ಸಿಕ್ಕಿಕೊಳ್ಳುವುದು ಕಡಿಮೆ. ಅಳತೆಗೆ ಒಂದು ಲೆಕ್ಕ: ಒಂದು ಘನ ಸೆಂಟಿಮೀಟರ್ ಸೀಸ ಸುಮಾರು 11.3 ಗ್ರಾಂ ತೂಗುವುದರಿಂದ, 30 ಗ್ರಾಂ ಗುಂಡಿಗೆ 2.6 ಘನ ಸೆಂಟಿಮೀಟರಿನಷ್ಟು ಕುಳಿ ಬೇಕು.

ಮೇಲ್ಗಡೆ ಲೋಹ ಹೊಯ್ಯಲು ಆಲಿಕೆಯಾಕಾರದ ಅಗಲ ಬಾಯಿ, ಕುಳಿಯ ಮೂಲೆಗಳಿಂದ ಹೊರಗೆ ಗಾಳಿ ಹೋಗಲು ಸೂಜಿಯಲ್ಲಿ ಗೀರಿದ ತೆಳು ಗೆರೆಗಳು, ದಾರ ಪೋಣಿಸುವ ತೂತಿಗಾಗಿ ನಡುವೆ ಹಾಯುವ ಉಕ್ಕಿನ ತಂತಿ ಇವನ್ನು ಮರೆಯಬಾರದು. ಒಣಗಿದ ಮೇಲೆ ಕುಳಿಗೂ ತಂತಿಗೂ ಮೇಣದಬತ್ತಿಯ ಹೊಗೆ ಹಿಡಿದು ಮಸಿ ಕಟ್ಟಿಸಿದರೆ ಗುಂಡು ಅಂಟದೆ ಸಲೀಸಾಗಿ ಹೊರಬರುತ್ತದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು ಅಗ್ಗವೆಂದು ಕೆಲವರು ಸಲಹೆ ಕೊಡುತ್ತಾರೆ. ಕೈಗೆ ಒಣಗಿದಂತೆ ಕಂಡರೂ ಅದರ ರಚನೆಯಲ್ಲಿಯೇ ನೀರು ಕೂಡಿಕೊಂಡಿರುತ್ತದೆ. ಕಾದ ಸೀಸ ತಗುಲಿದೊಡನೆ ಅದು ಆವಿಯಾಗಿ ಲೋಹವನ್ನು ಹೊರಕ್ಕೆ ಎಸೆಯಬಹುದು. ಹೊಸಬರು ಅದರ ಗೋಜಿಗೆ ಹೋಗದಿರುವುದು ಲೇಸು.

ನೀರಿನ ಅಪಾಯ

ಈ ಕೆಲಸದಲ್ಲಿ ಆಗುವ ದೊಡ್ಡ ಅವಘಡಗಳಿಗೆ ಬಹುಮಟ್ಟಿಗೆ ಕಾರಣ ಸೀಸವಲ್ಲ, ನೀರು. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕರಗಿದ ಸೀಸದ ಮೇಲ್ಮೈಗೆ ಬಿದ್ದ ಹನಿ ಚಟಪಟಗುಟ್ಟಿ ಹಾರಿಹೋಗಬಹುದು. ಆದರೆ ಒದ್ದೆ ತುಂಡಿನ ಜೊತೆ ಸೀಸದ ಕೆಳಗೆ ಇಳಿದ ಹನಿ ಕ್ಷಣಾರ್ಧದಲ್ಲಿ ಆವಿಯಾಗಿ, ಮೇಲಿರುವ ಸೀಸವನ್ನೆಲ್ಲ ಸುತ್ತಲಿನವರ ಮುಖ-ಮೈ ಮೇಲೆ ಚಿಮ್ಮಿಸುತ್ತದೆ. ಬಾಯಿ ಜಜ್ಜಿದ ಹಳೆಯ ಕೊಳವೆಯೊಳಗೆ ನೀರು ಉಳಿದಿರುತ್ತದೆ. ಅದನ್ನು ಸೀಳಿ ಬಿಡಿಸದೆ ಪಾತ್ರೆಗೆ ಹಾಕಬಾರದು. ಎಲ್ಲ ತುಂಡುಗಳನ್ನೂ ತಣ್ಣಗಿನ ಪಾತ್ರೆಯಲ್ಲಿಯೇ ತುಂಬಿ ನಂತರ ಒಲೆ ಹಚ್ಚಿ, ಆಗ ತೇವವಿದ್ದರೂ ಲೋಹ ಕರಗುವ ಮೊದಲೇ ಆರಿಹೋಗುತ್ತದೆ. ನಡುವೆ ಸೀಸ ಸೇರಿಸಬೇಕಾಗಿ ಬಂದರೆ ಆರಿಸಿ, ಗಟ್ಟಿಯಾದ ಮೇಲೆ ಸೇರಿಸಿ ಮತ್ತೆ ಕಾಯಿಸುವುದು ಸುರಕ್ಷಿತ. ಸೌಟನ್ನೂ ಕಲಕುವ ಕಡ್ಡಿಯನ್ನೂ ಒಲೆಯ ಪಕ್ಕದಲ್ಲಿಟ್ಟು ಬಿಸಿಮಾಡಿಯೇ ಅದ್ದಬೇಕು. ಬೆಂಕಿ ಆರಿಸಲು ಹತ್ತಿರ ಇಟ್ಟುಕೊಳ್ಳಬೇಕಾದುದು ಒಣಮರಳಿನ ಬಕೆಟ್. ನೀರಿನ ಬಕೆಟ್ ಅಲ್ಲ.

ಕರಗಿಸಿ ಹೊಯ್ಯುವ ಹಂತ

ಅಚ್ಚನ್ನು ಒಲೆಯ ಪಕ್ಕದಲ್ಲಿಟ್ಟು ನಿಧಾನವಾಗಿ, ಕಲ್ಲಿನೊಳಗಿನ ತೇವ ಪೂರ್ತಿ ಹೋಗುವವರೆಗೆ ಬಿಸಿಮಾಡಿಕೊಳ್ಳಿ. ಅವಸರದಲ್ಲಿ ಕಾಯಿಸಿದರೆ ಕಲ್ಲು ಸೀಳುತ್ತದೆ. ಸೀಸವನ್ನು 350ರಿಂದ 400 ಡಿಗ್ರಿಯ ನಡುವೆ ಇರಿಸಬೇಕು. ಹೆಚ್ಚು ಉಷ್ಣತೆ ಅಳೆಯುವ ಥರ್ಮಾಮೀಟರ್ ಇದ್ದರೆ ಊಹೆಯ ಗೊಡವೆ ಇಲ್ಲ. ಇಲ್ಲದಿದ್ದರೆ ಮೇಲ್ಮೈಯನ್ನು ನೋಡಿ: ಕಿಟ್ಟ ಸರಿಸಿದಾಗ ಬೆಳ್ಳಿಯಂತೆ ಹೊಳೆದರೆ ಹದವಾಗಿದೆ, ಸರಿಸಿದ ತಕ್ಷಣವೇ ಹಳದಿ, ನೀಲಿ, ನೇರಳೆ ಛಾಯೆ ಕವಿದರೆ ಉರಿ ಮೀರಿದೆ. ಉರಿ ಏರಿದಷ್ಟೂ ವಿಷದ ಹೊಗೆಯೂ ಏರುತ್ತದೆ.

ಕರಗಿದ ಮೇಲೆ ಕಡಲೆಕಾಳಿನಷ್ಟು ಮೇಣವನ್ನು ಹಾಕಿ ಬಿಸಿ ಕಡ್ಡಿಯಿಂದ ಕಲಕಿ. ಅದು ಹೊಗೆಯಾಡಿ ಕೆಲವೊಮ್ಮೆ ಹೊತ್ತಿಕೊಳ್ಳುವುದೂ ಉಂಟು, ಆದ್ದರಿಂದ ಮುಖವನ್ನು ದೂರವಿಡಿ. ಮಣ್ಣು, ಬಣ್ಣ, ಕಬ್ಬಿಣದ ಚೂರುಗಳೆಲ್ಲ ಕಪ್ಪು ಕಿಟ್ಟವಾಗಿ ಮೇಲೆ ಬರುತ್ತವೆ. ಅದನ್ನು ತೆಗೆದು ಮುಚ್ಚಳವಿರುವ ಒಣ ಕಬ್ಬಿಣದ ಡಬ್ಬಿಗೆ ಹಾಕಿ. ಪುಡಿಪುಡಿಯಾದ ಈ ಕಿಟ್ಟ ಸೀಸದ ತುಂಡಿಗಿಂತ ಹೆಚ್ಚು ಅಪಾಯಕಾರಿ.

ಬಿಸಿ ಸೌಟಿನಲ್ಲಿ ಲೋಹ ತುಂಬಿಕೊಂಡು, ಇಕ್ಕಳದಿಂದ ಬಿಗಿದ ಅಚ್ಚಿನ ಬಾಯಿಗೆ ಎಲ್ಲಿಯೂ ಕಡಿಯದ ಧಾರೆಯಾಗಿ ಹೊಯ್ಯಿರಿ. ಬಾಯಿಯ ಆಲಿಕೆಯೂ ತುಂಬಿ ನಿಲ್ಲಲಿ. ಸೀಸ ಗಟ್ಟಿಯಾಗುವಾಗ ಕುಗ್ಗುವುದರಿಂದ ಆ ಹೆಚ್ಚಿನ ಲೋಹವೇ ಒಳಗಿನ ಕೊರತೆಯನ್ನು ತುಂಬಬೇಕು. ಈಗ ಆಲಿಕೆಯನ್ನೇ ಗಮನಿಸಿ. ಮೊದಲು ಕನ್ನಡಿಯ ಹೊಳಪಿನಲ್ಲಿ ತುಸು ನಡುಗುತ್ತಿರುತ್ತದೆ. ಆಮೇಲೆ ಅಂಚಿನಿಂದ ನಡುವಿನ ಕಡೆಗೆ ಮಂಕು ಹರಿದು ಬರುತ್ತದೆ. ಕಡೆಗೆ ನಟ್ಟನಡುವೆ ಸಣ್ಣ ಕುಳಿ ಬೀಳುತ್ತದೆ. ಆ ಕುಳಿ ಬಿದ್ದ ಮೇಲೂ ತುಸು ತಡೆದು ಅಚ್ಚು ತೆರೆಯಿರಿ. ಹೊರಬಂದ ಗುಂಡು ಗಟ್ಟಿಯಾಗಿ ಕಂಡರೂ ಚರ್ಮ ಸುಡುವಷ್ಟು ಬಿಸಿಯಾಗಿರುತ್ತದೆ. ನೀರಿಗೆ ಹಾಕದೆ, ಒಣ ತಗಡಿನ ಮೇಲೆ ತಾನಾಗಿ ಆರಲು ಬಿಡಿ.

ಮೊದಲ ಕೆಲವು ಗುಂಡುಗಳು ಸುಕ್ಕುಗಟ್ಟಿ ಬಂದರೆ ಅಚ್ಚು ಇನ್ನೂ ಕಾದಿಲ್ಲವೆಂದು ಅರ್ಥ. ಹೊಯ್ಯುತ್ತ ಹೋದಂತೆ ಸರಿಯಾಗುತ್ತದೆ. ಮೂಲೆ ತುಂಬದಿದ್ದರೆ ಗಾಳಿಗೆರೆಗಳನ್ನು ಇನ್ನಷ್ಟು ಬಿಡಿಸಬೇಕು. ಬದಿಯಲ್ಲಿ ತೆಳು ರೆಕ್ಕೆ ಮೂಡಿದರೆ ಬಿಲ್ಲೆಗಳು ಸರಿಯಾಗಿ ಕೂಡಿಲ್ಲ. ಕೆಟ್ಟ ಗುಂಡುಗಳನ್ನು ಒಂದೆಡೆ ಕೂಡಿಟ್ಟು, ಮುಂದಿನ ಸಲ ತಣ್ಣಗಿನ ಪಾತ್ರೆಯಲ್ಲಿ ಹಾಕಿ ಕರಗಿಸಬಹುದು. ಬಾಯಿಯ ಹೆಚ್ಚುವರಿ ಸೀಸವನ್ನು ಇಕ್ಕಳದಿಂದ ಕತ್ತರಿಸಿ ತೆಗೆಯಿರಿ. ಅರದಿಂದ ಉಜ್ಜಿದರೆ ಪುಡಿ ಹಾರುತ್ತದೆ. ತೂತಿನ ಅಂಚು ಚೂಪಾಗಿದ್ದರೆ ದಾರವನ್ನು ಕೊಯ್ಯುವುದರಿಂದ ದಪ್ಪ ಕಡ್ಡಿ ತಿರುಗಿಸಿ ನಯಮಾಡಿ. ಎರಡು ಸುತ್ತು ಎನಾಮೆಲ್ ಬಣ್ಣ ಬಳಿದರೆ ಮುಟ್ಟಿದಾಗ ಕೈಗೆ ಸೀಸ ಹತ್ತುವುದು ಕಡಿಮೆಯಾಗುತ್ತದೆ.

ಕೆಲಸ ಮುಗಿದ ಮೇಲೆ

ರಕ್ತದಲ್ಲಿ ಇಷ್ಟರವರೆಗೆ ಸೀಸವಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಹ ಸೇರಿದ ಸೀಸ ಎಲುಬಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಮಕ್ಕಳಲ್ಲಿ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಅದು ಒಳಹೋಗುವ ದಾರಿ ಹೊಗೆಯೊಂದೇ ಅಲ್ಲ, ಕೈಯಿಂದ ಬಾಯಿಗೂ ಹೋಗುತ್ತದೆ. ಆದ್ದರಿಂದ ಕೆಲಸದ ನಡುವೆ ಎಲೆಅಡಿಕೆ, ಬೀಡಿ, ಚಹಾ ಯಾವುದೂ ಬೇಡ. ಸಣ್ಣ ಗುಂಡನ್ನು ಹಲ್ಲಿನಲ್ಲಿ ಕಚ್ಚಿ ದಾರಕ್ಕೆ ಬಿಗಿಯುವ ಚಾಳಿ ಗಾಳ ಹಾಕುವವರಲ್ಲಿ ಇದೆ. ಅದಕ್ಕೆ ಇಕ್ಕಳ ಬಳಸಿ. ಕೆಲಸದ ಬಟ್ಟೆಯನ್ನು ಹೊರಗೇ ಬದಲಿಸಿ, ಬೇರೆಯಾಗಿ ಒಗೆಯಿರಿ. ಸೋಪು ಹಚ್ಚಿ ಕೈ, ಮುಖ, ಉಗುರಿನ ಸಂದುಗಳನ್ನು ತೊಳೆದ ಬಳಿಕವೇ ಮನೆಯೊಳಗೆ ಹೋಗಿ. ಜಾಗವನ್ನು ಒಣಪೊರಕೆಯಲ್ಲಿ ಗುಡಿಸಬೇಡಿ. ಎಲ್ಲವೂ ಆರಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಿ. ಆಗಾಗ ಎರಕ ಹೊಯ್ಯುವವರು ವೈದ್ಯರನ್ನು ಕೇಳಿ ರಕ್ತದ ಸೀಸದ ಪ್ರಮಾಣ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ನೀರಿನಲ್ಲಿ ಕಳೆದುಹೋಗುವ ಗುಂಡಿನ ಬಗೆಗೂ ಒಂದು ಮಾತು. ಹಕ್ಕಿಗಳು ಆಹಾರ ಅರೆಯಲೆಂದು ನುಂಗುವ ಸಣ್ಣ ಕಲ್ಲುಗಳ ಜೊತೆ ಸೀಸದ ಗುಂಡನ್ನೂ ನುಂಗಿ ಸಾಯುತ್ತವೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸತ್ತದ್ದರಿಂದ, ಗಾಳದ ಸಣ್ಣ ಗುಂಡುಗಳಿಗೆ, ಅಂದರೆ 28 ಗ್ರಾಂವರೆಗಿನ ಹೆಚ್ಚಿನವುಗಳಿಗೆ, ಸೀಸ ಬಳಸುವುದನ್ನು 1987ರಲ್ಲಿ ನಿಷೇಧಿಸಲಾಯಿತು. ನಮ್ಮ ಅಳಿವೆಗಳ ಕೆಸರಿನಲ್ಲಿಯೂ ಹಕ್ಕಿಗಳು ಮೇಯುತ್ತವೆ, ಜನ ಚಿಪ್ಪು ಹೆಕ್ಕುತ್ತಾರೆ. ಆದ್ದರಿಂದ ಸಣ್ಣ ತೂಕಕ್ಕೆ ಉಕ್ಕಿನ ನಟ್ಟು ಅಥವಾ ಹಿಂದಿನವರು ಬಲೆಗೆ ಕಟ್ಟುತ್ತಿದ್ದ ಸುಟ್ಟ ಮಣ್ಣಿನ ಮಣಿಯನ್ನು ಬಳಸಿ, ಭಾರವೇ ಬೇಕಾದ ಕಡೆಗೆ ಮಾತ್ರ ಸೀಸವನ್ನು ಇಟ್ಟುಕೊಳ್ಳುವುದು ಸರಿಯೆಂದು ನನ್ನ ಅಭಿಪ್ರಾಯ.

ಡಬ್ಬಿಯಲ್ಲಿ ಕೂಡಿದ ಕಿಟ್ಟವನ್ನೂ ಒರೆಸಿದ ಬಟ್ಟೆಯ ಚೀಲವನ್ನೂ ತೋಟಕ್ಕಾಗಲಿ ಚರಂಡಿಗಾಗಲಿ ಮನೆಯ ಕಸಕ್ಕಾಗಲಿ ಹಾಕಬೇಡಿ. ಡಬ್ಬಿಯ ಮೇಲೆ ‘ಸೀಸದ ಕಿಟ್ಟ, ವಿಷ’ ಎಂದು ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಎಟುಕದಂತೆ ಬೀಗ ಹಾಕಿದ ಜಾಗದಲ್ಲಿರಿಸಿ. ತುಂಬಿದ ಮೇಲೆ ಸೀಸದ ಮರುಬಳಕೆಗೆ ಪರವಾನಗಿ ಪಡೆದ ಘಟಕಕ್ಕೆ ಒಪ್ಪಿಸಿ; ಹತ್ತಿರದ ಘಟಕ ಯಾವುದೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ವಿಚಾರಿಸಬಹುದು.