ಗಿಡ ನೆಡುವ ಮೊದಲು ಹಳ್ಳದ ಜೊತೆ ನಡೆಯಿರಿ

ನಮ್ಮ ಟೈಲರಿಂಗ್ ಅಂಗಡಿ ಪಾರ್ಕಿನ ಗೇಟಿನ ಎದುರಿಗೇ ಇದೆ. ಪಾರ್ಕಿನ ಹಿಂದೆ ಒಂದು ಕಾಲುವೆ. ಬಡಾವಣೆಯವರೆಲ್ಲ ಅದನ್ನು ಮೋರಿ ಅಂತಲೇ ಕರೆಯುತ್ತಿದ್ದೆವು. ಒಂದಿನ ಹಳೇ ಊರಿನ ಅಜ್ಜ ಒಬ್ಬರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದರು. "ಅದು ಮೋರಿ ಅಲ್ಲಮ್ಮ, ಹಳ್ಳ. ಅಲ್ಲಿ ನಾವು ಏಡಿ ಹಿಡೀತಿದ್ವಿ" ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೆಂಗಳೂರಿನ ಪಶ್ಚಿಮಕ್ಕೆ ನಮ್ಮಲ್ಲಿ ಬಿದ್ದ ಮಳೆ ವೃಷಭಾವತಿ ಸೇರುತ್ತದೆ. ಅಲ್ಲಿಂದ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ನಾವು ಬಿಸಾಡಿದ ಹಾಲಿನ ಕವರ್ ಹೋಗುವುದೂ ಅದೇ ದಾರಿಯಲ್ಲಿ.

ನಿಮ್ಮ ಪಾರ್ಕಿಗೂ ಹಳ್ಳಕ್ಕೂ ಏನಾದರೂ ಮಾಡಬೇಕು ಅಂತಿದ್ದರೆ ಗುದ್ದಲಿ ಆಮೇಲೆ ಹಿಡಿಯಿರಿ. ಮೊದಲು ಎರಡು ಸಲ ನಡೆಯಿರಿ. ಒಂದು ಸಲ ಮಾರ್ಚ್‌ನಲ್ಲಿ, ಇನ್ನೊಂದು ಸಲ ಜೋರು ಮಳೆ ನಿಂತ ಅರ್ಧ ಗಂಟೆಗೆ.

ಮಾರ್ಚ್ ಯಾಕೆ? ಇಂಥ ಹಳ್ಳ, ಅಂದರೆ ರಾಜಕಾಲುವೆ ಇರುವುದು ಮಳೆ ನೀರಿಗೆ. ವಾರಗಟ್ಟಲೆ ಮಳೆಯಿಲ್ಲದಾಗಲೂ ಅದರಲ್ಲಿ ಕಪ್ಪು ನೀರು ಹರಿಯುತ್ತಿದ್ದರೆ ಅದು ಹೆಚ್ಚಾಗಿ ಮನೆಗಳ ಕೊಳಚೆ. ಮೇಲಿನಿಂದಲೇ ದಂಡೆ ಹಿಡಿದು ಹೋಗಿ. ಯಾವ ಪೈಪು ಬಂದು ಸೇರುತ್ತದೆ, ಯಾವ ಮ್ಯಾನ್‌ಹೋಲ್ ಉಕ್ಕುತ್ತಿದೆ ಅಂತ ನೋಡಿ ಫೋಟೋ ತೆಗೆಯಿರಿ. ಹತ್ತಿರದ ಕಂಬದ ನಂಬರ್ ಬರೆದುಕೊಳ್ಳಿ. ಜಲಮಂಡಳಿಯ 1916ಕ್ಕೆ ದೂರು ಕೊಡುವಾಗ "ಕಾಲುವೆ ನಾರುತ್ತಿದೆ" ಅಂದರೆ ಯಾರಿಗೂ ಜಾಗ ಗೊತ್ತಾಗುವುದಿಲ್ಲ. ಇಂಥ ಕಂಬದ ಪಕ್ಕ, ಇಂಥ ಪೈಪು ಅನ್ನಿ. ದೂರಿನ ನಂಬರ್ ಕೇಳಿ ಇಟ್ಟುಕೊಳ್ಳಿ. ನಮ್ಮಲ್ಲಿ ಒಂದು ಪೈಪು ಮುಚ್ಚಿಸಲು ಏಳು ತಿಂಗಳು ಹಿಡಿಯಿತು. ಆ ಒಂದು ಪೈಪು ಮುಚ್ಚಿದ್ದರಿಂದ ಆದ ಉಪಕಾರ ನಮ್ಮ ಎಷ್ಟೋ ಭಾನುವಾರಗಳ ಕಸ ಆರಿಸುವಿಕೆಯಿಂದ ಆಗಿರಲಿಲ್ಲ.

ಮಳೆ ನಿಂತ ಮೇಲೆ ನಡೆದರೆ ಬೇರೆಯೇ ಕಾಣುತ್ತದೆ. ಪಾರ್ಕಿನ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣು ಕೊರೆಯುತ್ತದೆ ಅಂತ ತಿಳಿಯುತ್ತದೆ. ನೀರು ತಾನಾಗಿ ಬಂದು ನಿಲ್ಲುವ ಕಡೆಯೇ ಇಂಗುಗುಂಡಿಗೆ ಜಾಗ. ಆದರೆ ಕೊಳಚೆ ಸೇರುವ ನೀರನ್ನು ಮಾತ್ರ ಇಂಗಿಸಬೇಡಿ, ಪಕ್ಕದ ಬೋರ್‌ವೆಲ್ ಕೆಡುತ್ತದೆ.

ಜಾಗ ಯಾರದು ಅನ್ನುವುದನ್ನು ಸರ್ವೆ ಇಲಾಖೆಯ ದಿಶಾಂಕ್ ಆಪ್‌ನಲ್ಲಿ ನೋಡಿ. ನೀವು ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಆಮೇಲೆ ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಒಂದು ಪುಟದ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಒಣಗಿದಂತೆ ಕಂಡರೂ ಮರ ಕಡಿಯಬೇಡಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅದಕ್ಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ಕಸ ತೆಗೆಯುವ ದಿನಕ್ಕೆ ಕೆಲವು ನಿಯಮ. ಕೊಳಚೆ ನೀರಿಗೆ ಯಾರೂ ಇಳಿಯಬಾರದು, ಕೈಯಲ್ಲಿ ಗಾಯ ಇದ್ದವರಂತೂ ದೂರವೇ ಇರಬೇಕು. ಇಲಿ ಜ್ವರ ಹರಡುವುದು ಹಾಗೆಯೇ. ದಂಡೆಯ ಮೇಲಿನ ಕೆಲಸಕ್ಕೂ ದಪ್ಪ ರಬ್ಬರ್ ಗ್ಲೌಸ್, ಗಮ್‌ಬೂಟ್ ಬೇಕು. ಪೊದೆಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ. ತುಂಬಿದ ಮೂಟೆಗಳನ್ನು ಯಾವ ಗಾಡಿ ಒಯ್ಯುತ್ತದೆ ಅಂತ ಪೌರಕಾರ್ಮಿಕರ ಹತ್ತಿರ ಹಿಂದಿನ ದಿನವೇ ಮಾತಾಡಿ. ಅವರಿಗೆ ನಮ್ಮಿಂದ ಕೆಲಸ ಜಾಸ್ತಿ ಆಗಬಾರದು, ಅಲ್ವಾ?

ಇನ್ನು ಕಳೆ. ಕಾಂಗ್ರೆಸ್ ಗಿಡವನ್ನು ಮಳೆ ಬಂದ ಮಾರನೇ ದಿನ, ಬಿಳಿ ಹೂ ಬಿಡುವ ಮುಂಚೆ ಕೀಳಿ. ಆಗ ಬೇರು ಸಮೇತ ಸಲೀಸಾಗಿ ಬರುತ್ತದೆ. ತುಂಬು ತೋಳಿನ ಬಟ್ಟೆ ಹಾಕಿ. ಚರ್ಮ ಕೆರೆಯುತ್ತದೆ, ಕೆಲವರಿಗೆ ಉಬ್ಬಸವೂ ಬರುತ್ತದೆ.

ಲಂಟಾನ ಹಾಗಲ್ಲ. ಮೇಲೆ ಮಚ್ಚಿನಿಂದ ಕತ್ತರಿಸಿದರೆ ಇನ್ನೂ ದಟ್ಟವಾಗಿ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ತೋರಿಸಿದ ಕ್ರಮ ನಮಗೆ ಕೈ ಹಿಡಿಯಿತು. ಬುಡದ ಮಣ್ಣು ಸರಿಸಿ, ನೆಲದಿಂದ ಒಂದೆರಡು ಇಂಚು ಕೆಳಗೆ ತಾಯಿಬೇರನ್ನು ಕತ್ತರಿಸಬೇಕು. ಎತ್ತಿದ ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು, ಬೇರು ಮತ್ತೆ ಮಣ್ಣಿಗೆ ತಾಗದ ಹಾಗೆ. ಹಣ್ಣು ತಿಂದ ಹಕ್ಕಿಗಳು ಕೂರುವ ಮರದಡಿ ಮುಂದಿನ ಮಳೆಗೆ ಸಣ್ಣ ಸಸಿಗಳು ಏಳುತ್ತವೆ. ಅವನ್ನು ಬೆರಳಲ್ಲೇ ಕೀಳಬಹುದು. ಒಂದೇ ದಿನ ಎಲ್ಲ ಬೋಳಿಸಬೇಡಿ. ಗೂಡು ಇದೆಯಾ ನೋಡಿ, ಇದ್ದರೆ ಆ ಪೊದೆ ಮರಿ ಹಾರುವವರೆಗೆ ಇರಲಿ. ಎಕ್ಕದ ಗಿಡವನ್ನೂ ಕಳೆ ಅಂತ ಕೀಳಬೇಡಿ. ಹುಲಿಬಣ್ಣದ ಚಿಟ್ಟೆ ಮೊಟ್ಟೆ ಇಡುವುದು ಅದರ ಎಲೆಯ ಮೇಲೆ.

ನೆಡುವುದಕ್ಕೆ ಆರಿದ್ರಾ ಮಳೆ ಹಿಡಿದಾಗ ಒಳ್ಳೇದು. ಸೆಪ್ಟೆಂಬರ್‌ನ ದೊಡ್ಡ ಮಳೆಗಳು ಬರುವ ಹೊತ್ತಿಗೆ ಬೇರು ಕೂತಿರುತ್ತದೆ. ದಂಡೆಯ ಮಣ್ಣು ಹಿಡಿಯಲು ಲಾವಂಚ, ತೇವ ಇರುವ ಕಡೆ ಬಜೆ. ಹಿಂದಕ್ಕೆ ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿ. ಕಾಲುವೆಯ ಗೋಡೆಗೆ ಅಂಟಿಕೊಂಡು ಮರ ನೆಡಬೇಡಿ. ಹೂಳೆತ್ತುವ ಜೆಸಿಬಿ ಬಂದರೆ ಮೊದಲು ಹೋಗುವುದು ಅದೇ. ಒಂದೂವರೆ ಅಡಿ ಗುಂಡಿ, ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ, ಮೇಲೆ ಒಣ ಎಲೆ. ಪಾರ್ಕಿನ ಎಲೆ ಸುಡುವ ಬದಲು ಬುಡಕ್ಕೆ ಹೊದಿಸಿ.

ಮೊದಲ ವರ್ಷ ನಾವು 60 ಸಸಿ ನೆಟ್ಟೆವು. ಮುಂದಿನ ಏಪ್ರಿಲ್‌ಗೆ ಉಳಿದದ್ದು 11. ಹೋದವುಗಳಲ್ಲಿ ಅರ್ಧ ಒಣಗಿದವು, ಅರ್ಧ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕವು. ಹುಲ್ಲಿನ ನಡುವೆ ಸಸಿ ಕಾಣದೆ ಹಾಗಾಯಿತು. ಮಕ್ಕಳು ಅವಕ್ಕೆ ಹೆಸರಿಟ್ಟಿದ್ದರು. ತುಂಬಾ ನೋವಾಯಿತು. ಎರಡನೇ ವರ್ಷ 20 ಮಾತ್ರ ನೆಟ್ಟೆವು. ಪ್ರತಿ ಸಸಿಗೂ ಎದೆಯೆತ್ತರದ ಕೋಲು ಹುಗಿದು, ಅಂಗಡಿಯಲ್ಲಿ ಉಳಿದ ಕೆಂಪು ಬ್ಲೌಸ್ ಬಟ್ಟೆಯ ಪಟ್ಟಿ ಕಟ್ಟಿದೆ. ಹುಲ್ಲು ಕತ್ತರಿಸುವ ಅಣ್ಣನಿಗೆ ಕರೆದು ಒಂದೊಂದನ್ನೂ ತೋರಿಸಿದೆವು. ಆಮೇಲೆ ಯಂತ್ರಕ್ಕೆ ಒಂದೂ ಸಿಗಲಿಲ್ಲ.

ನೀರಿಗೆ ಪಟ್ಟಿ ಮಾಡಿ. "ಎಲ್ಲರೂ ಹಾಕೋಣ" ಅಂದರೆ ಯಾರೂ ಹಾಕುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ, ಒಂದು ಮನೆಗೆ ಎರಡು ಸಸಿ, ವಾರಕ್ಕೆ ಎರಡು ಸಲ, ಸಸಿಗೊಂದು ಬಿಂದಿಗೆ. ಹೀಗೆ ಎರಡು ಬೇಸಿಗೆ ದಾಟಿಸಬೇಕು. ನಮ್ಮ ಪಟ್ಟಿ ಅಂಗಡಿಯ ಬಾಗಿಲಿಗೆ ಅಂಟಿಸಿದೆ. ಊರಿಗೆ ಹೋಗುವವರು ಮನೆಗೆ ಬೀಗ ಹಾಕಿದ ಮೇಲೆ ಬಂದು ತಮ್ಮ ಹೆಸರಿನ ಮುಂದೆ ಪಕ್ಕದ ಮನೆಯವರ ಹೆಸರು ಬರೆದು ಹೋಗುತ್ತಾರೆ.