ಲೇಬಲ್ ಅಚ್ಚಿಗೆ ಕೊಡುವ ಮೊದಲು ಡಾಟ್ ಇನ್ ಹೆಸರು ತೆಗೆದುಕೊಳ್ಳಿ

ಶಿರಸಿಯಲ್ಲಿ ನಾನು, ನನ್ನ ವಾರಗಿತ್ತಿ ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರುತ್ತೇವೆ. ಮೊದಲ ಸಲ 3,000 ಲೇಬಲ್ ಅಚ್ಚು ಹಾಕಿಸಿದಾಗ ವೆಬ್‌ಸೈಟ್ ವಿಳಾಸವನ್ನೂ ಸೇರಿಸಿದ್ದೆವು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೈನ್ ಹೆಸರನ್ನು, ಅಂದರೆ ಆ ವಿಳಾಸವನ್ನು, ತನ್ನ ಇಮೇಲ್ ಕೊಟ್ಟು, ತನ್ನ ಹೆಸರಿನಲ್ಲೇ ತೆಗೆದಿದ್ದ. ಆಮೇಲೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ. ನವೀಕರಣದ ಮೇಲ್‌ಗಳೆಲ್ಲ ಅವನಿಗೇ ಹೋಗುತ್ತಿದ್ದವು. ನಮಗೆ ಗೊತ್ತಾಗುವಷ್ಟರಲ್ಲಿ ಅವಧಿ ಮುಗಿದು ಹೆಸರು ಬೇರೆ ಯಾರದೋ ಪಾಲಾಗಿತ್ತು. ಮಿಡಿ ಬರುವ ಗಡಿಬಿಡಿಯ ಕಾಲದಲ್ಲಿ ಇಬ್ಬರೂ ಕೂತು, ಉಳಿದ ಲೇಬಲ್‌ಗಳ ಮೇಲೆಲ್ಲ ಹೊಸ ವಿಳಾಸದ ಚೀಟಿ ಅಂಟಿಸಿದೆವು. ನಿಮಗೆ ಹಾಗಾಗಬಾರದು.

ವಿಳಾಸದ ಕೊನೆಯಲ್ಲಿ ಬರುವ ಡಾಟ್ ಇನ್ ನಮ್ಮ ದೇಶದ ಡೊಮೈನ್. ಅದನ್ನು ನೋಡಿಕೊಳ್ಳುವುದು ನಿಕ್ಸಿ ಎಂಬ ಸಂಸ್ಥೆ. 2005ರಿಂದ ಇದು ಎಲ್ಲರಿಗೂ ಮುಕ್ತ. ಮೊದಲು ಕೇಳಿದವರಿಗೆ ಮೊದಲು ಸಿಗುತ್ತದೆ. ಹೊರದೇಶದವರೂ ತೆಗೆದುಕೊಳ್ಳಬಹುದು. ನಿಮ್ಮ ಅಂಗಡಿಗೆ ಮೂವತ್ತು ವರ್ಷ ಆಗಿದೆಯಾ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಹೆಸರು ನಿಶ್ಚಯ ಮಾಡಿದ ದಿನವೇ ತೆಗೆದಿಡಿ. ನಿಕ್ಸಿ ನೇರವಾಗಿ ಮಾರುವುದಿಲ್ಲ, ಅದು ಮಾನ್ಯತೆ ಕೊಟ್ಟ ರಿಜಿಸ್ಟ್ರಾರ್ ಕಂಪನಿಗಳಿಂದ ಕೊಳ್ಳಬೇಕು. ಒಂದರಿಂದ ಹತ್ತು ವರ್ಷದವರೆಗೆ ತೆಗೆದುಕೊಳ್ಳಬಹುದು. ಮೊದಲ ವರ್ಷದ ದರ ಕಡಿಮೆ ಇಟ್ಟು ಮುಂದೆ ಜಾಸ್ತಿ ಮಾಡುವವರಿದ್ದಾರೆ. ನವೀಕರಣದ ದರ ಕೇಳಿಯೇ ದುಡ್ಡು ಕಟ್ಟಿ.

ಕನ್ನಡದ ಹೆಸರಾದರೆ ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆಯುವುದು ಎಂಬುದೇ ದೊಡ್ಡ ತಲೆನೋವು. ಊಟ ಎನ್ನುವುದಕ್ಕೆ ಒಬ್ಬರು ಎರಡು ಓ ಹಾಕುತ್ತಾರೆ, ಇನ್ನೊಬ್ಬರು ಯು ಹಾಕುತ್ತಾರೆ. ತುತ್ತು ಎಂದರೆ ಟಿ ಮಾತ್ರ ಹಾಕುವವರೂ ಇದ್ದಾರೆ, ಜೊತೆಗೆ ಎಚ್ ಸೇರಿಸುವವರೂ ಇದ್ದಾರೆ. ನಾನು ಏನು ಮಾಡಿದೆ ಅಂದರೆ, ಹತ್ತು ಗಿರಾಕಿಗಳಿಗೆ ನಮ್ಮ ಹೆಸರನ್ನು ಬಾಯಲ್ಲಿ ಹೇಳಿ, ಫೋನಿನಲ್ಲಿ ಟೈಪ್ ಮಾಡಿ ಅಂದೆ. ಜಾಸ್ತಿ ಜನ ಬರೆದ ಎರಡು ರೂಪಗಳನ್ನು ತೆಗೆದುಕೊಂಡೆ. ಒಂದನ್ನು ತೆರೆದರೆ ಇನ್ನೊಂದಕ್ಕೆ ಹೋಗುವ ಹಾಗೆ ಮಾಡಿಸಿದೆ. ಅದೇ ಹೆಸರಿನ ಡಾಟ್ ಸಿಒ ಡಾಟ್ ಇನ್ ಕೂಡ ತೆಗೆದಿಡಿ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಸಿಗುತ್ತದೆ. ಸಿಕ್ಕಿದ್ದನ್ನೆಲ್ಲ ಸುಮ್ನೆ ಕೊಳ್ಳಬೇಡಿ, ಪ್ರತಿಯೊಂದಕ್ಕೂ ಮತ್ತೆ ಮತ್ತೆ ದುಡ್ಡು ಕಟ್ಟಬೇಕಲ್ವಾ?

ಇನ್ನು, ನಮ್ಮ ಕೈ ಸುಟ್ಟ ವಿಷಯ. ಫಾರ್ಮ್‌ನಲ್ಲಿ ರಿಜಿಸ್ಟ್ರೆಂಟ್ ಎಂಬ ಜಾಗ ಇರುತ್ತದೆ. ಅಲ್ಲಿ ಯಾರ ಹೆಸರಿದೆಯೋ ಡೊಮೈನ್ ಅವರದ್ದು. ಜಮೀನು ಕೊಳ್ಳುವಾಗ ಪಹಣಿ ನೋಡುತ್ತೀರಲ್ಲ, ಅಷ್ಟೇ ಎಚ್ಚರದಿಂದ ಇದನ್ನು ನೋಡಿ. ಅಲ್ಲಿ ನಿಮ್ಮ ಅಥವಾ ನಿಮ್ಮ ಸಂಸ್ಥೆಯ ಹೆಸರು, ನಿಜವಾದ ವಿಳಾಸ, ನೀವೇ ದಿನಾ ನೋಡುವ ಇಮೇಲ್ ಇರಲಿ. ಖಾತೆಯ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಈಗಾಗಲೇ ಬೇರೆಯವರ ಹೆಸರಿನಲ್ಲಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ಬದಲಾಯಿಸಿಕೊಳ್ಳಿ. ಬೇರೆ ರಿಜಿಸ್ಟ್ರಾರ್‌ಗೆ ಹೋಗುವುದಾದರೆ ಆಥ್ ಕೋಡ್, ಅಂದರೆ ಡೊಮೈನ್ ವರ್ಗಾಯಿಸಲು ಬೇಕಾದ ಗುಟ್ಟಿನ ಕೋಡ್, ಈಗಿನ ರಿಜಿಸ್ಟ್ರಾರ್ ಹತ್ತಿರ ಕೇಳಿ ಪಡೆಯಿರಿ.

ಡೊಮೈನ್ ತೆಗೆದರೆ ಟ್ರೇಡ್‌ಮಾರ್ಕ್ ಆದಂತಲ್ಲ. ಅದಕ್ಕೆ ಬೇರೆ ಅರ್ಜಿ ಹಾಕಬೇಕು. ಆನ್‌ಲೈನ್‌ನಲ್ಲಿ ಹಾಕಿದರೆ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ದಿಮೆಗೆ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ. ಚಟ್ನಿಪುಡಿ 30ನೇ ವರ್ಗಕ್ಕೆ ಬಂದರೆ, ಉಪ್ಪಿನಕಾಯಿ 29ನೇ ವರ್ಗಕ್ಕೆ ಬರುತ್ತದೆ. ನಾವು ಎರಡಕ್ಕೂ ಕಟ್ಟಿದೆವು.

ನಿಮ್ಮ ಹೆಸರನ್ನು ಯಾರಾದರೂ ಕೆಟ್ಟ ಉದ್ದೇಶದಿಂದ ಹಿಡಿದಿಟ್ಟಿದ್ದರೆ ದಾರಿ ಇಲ್ಲದಿಲ್ಲ. ಡಾಟ್ ಇನ್ ವಿವಾದಗಳಿಗೆ ಐಎನ್‌ಡಿಆರ್‌ಪಿ ಎಂಬ ವ್ಯವಸ್ಥೆ ಇದೆ. ನಿಕ್ಸಿ ನೇಮಿಸುವ ಮಧ್ಯಸ್ಥರು ವಿಚಾರಣೆ ಮಾಡಿ ಹೆಸರನ್ನು ನಿಮಗೆ ವರ್ಗಾಯಿಸಬಹುದು. ಆ ಹೆಸರಿನ ಮೇಲೆ ನಿಮಗೆ ಹಕ್ಕಿದೆ, ಅವರಿಗೆ ನ್ಯಾಯವಾದ ಕಾರಣವಿಲ್ಲ, ಅವರ ಉದ್ದೇಶ ಸರಿಯಿಲ್ಲ ಎಂದು ತೋರಿಸಬೇಕು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಎಂಬ ಕಂಪನಿಯ ಪ್ರಕರಣದಲ್ಲಿ ಹೇಳಿತು. ಅದು ಶುರುವಾಗಿದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೇ. ಅದಕ್ಕೇ ಹಳೆಯ ಬಿಲ್, ಲೇಬಲ್, ಜಾಹೀರಾತು ಒಂದನ್ನೂ ಬಿಸಾಡಬೇಡಿ. ಯಾವಾಗಿನಿಂದ ಆ ಹೆಸರು ಬಳಸುತ್ತಿದ್ದೀರಿ ಎಂಬುದಕ್ಕೆ ಅವೇ ಪುರಾವೆ. ನಮ್ಮ ಹತ್ತಿರ ಆಗ ಟ್ರೇಡ್‌ಮಾರ್ಕ್ ಇರಲಿಲ್ಲ, ಬಿಲ್ಲುಗಳನ್ನೂ ಇಟ್ಟುಕೊಂಡಿರಲಿಲ್ಲ. ದೂರು ಕೊಡುವ ಧೈರ್ಯವೇ ಬರಲಿಲ್ಲ.

ಹೊರದೇಶಕ್ಕೆ ಕಳಿಸುವವರಿಗೆ ಒಂದು ಮಾತು. ಎಲ್ಲ ದೇಶಗಳೂ ನಮ್ಮ ಹಾಗೆ ಬಾಗಿಲು ತೆರೆದಿಲ್ಲ. ಆಸ್ಟ್ರೇಲಿಯಾದ ಡಾಟ್ ಎಯು, ಅಮೆರಿಕದ ಡಾಟ್ ಯುಎಸ್ ಬೇಕಾದರೆ ಆ ದೇಶದ ಜೊತೆ ನಂಟು ತೋರಿಸಬೇಕು.

ಮುಗಿಯುವ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಬರೆದಿದ್ದೇನೆ. ತಿಂಗಳು ಮೊದಲೇ ಕಟ್ಟುತ್ತೇನೆ. "ಚೀನಾದಲ್ಲಿ ಯಾರೋ ನಿಮ್ಮ ಬ್ರ್ಯಾಂಡ್ ಹೆಸರಿನ ಡೊಮೈನ್ ಕೇಳುತ್ತಿದ್ದಾರೆ, ಬೇಗ ದುಡ್ಡು ಕಟ್ಟಿ" ಎಂಬ ಮೇಲ್ ನಿಮಗೂ ಬರಬಹುದು. ಅದು ಹೆದರಿಸಿ ಮಾರುವ ಹಳೆಯ ಮೋಸ. ನವೀಕರಣದ ನಕಲಿ ಬಿಲ್ಲುಗಳೂ ಬರುತ್ತವೆ. ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ. ನಿಮ್ಮ ರಿಜಿಸ್ಟ್ರಾರ್ ಖಾತೆಗೆ ನೀವೇ ಲಾಗಿನ್ ಆಗಿ, ತಾರೀಖು ನೋಡಿ, ಅಲ್ಲೇ ಕಟ್ಟಿ.