ಕಾರವಾರದ ಮಳೆಯಲ್ಲಿ ಉಲ್ಕೆ ಎಣಿಸಿದ್ದು

ಆಗಸ್ಟ್ 12ರ ರಾತ್ರಿ ಕಾರವಾರದಲ್ಲಿ ಉಲ್ಕೆ ನೋಡಲು ಹೊರಟವನಿಗೆ ಕಾಣುವುದು ಕೊಡೆಯ ಒಳಮೈ ಮಾತ್ರ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿದು. ಅದರಲ್ಲಿ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಪರ್ಸೀಡ್ ಉಲ್ಕಾವೃಷ್ಟಿ ಬರುವುದೂ ಅದರ ನಟ್ಟನಡುವೆ. ನಮ್ಮ ಖಗೋಳ ಬಳಗಕ್ಕೆ ದಕ್ಕಿದ್ದೆಲ್ಲ ಡಿಸೆಂಬರಿನ ಜೆಮಿನಿಡ್. ದೇವಬಾಗದ ಮರಳಿನಲ್ಲಿ ಚಾಪೆ ಹಾಸಿ, ಇಬ್ಬನಿಯಲ್ಲಿ ನೆನೆದು ಎಣಿಸಿದ್ದು. ಪರ್ಸೀಡ್ ದಿನ ಯಾರದಾದರೂ ಮನೆಯಲ್ಲಿ ಸೇರಿ ಬಜ್ಜಿ ತಿಂದು, ಮೋಡಕ್ಕೆ ಬೈದು ಎದ್ದು ಬರುತ್ತಿದ್ದೆವು.

ನೋಡಲಾಗದಿದ್ದರೆ ಕೇಳಿಸಿಕೊಳ್ಳಬಹುದಲ್ಲ ಎಂದು 2021ರ ಆರಂಭದಲ್ಲಿ ಬಳಗದ ನಡುವೆ ಬಾಯಿ ಬಿಟ್ಟೆ. ನೂರು ಕಿಲೋಮೀಟರ್ ಎತ್ತರದಲ್ಲಿ ಉರಿದುಹೋದ ಉಲ್ಕೆ ಬಿಟ್ಟ ಅಯಾನುಗಳ (ವಿದ್ಯುದಾವೇಶದ ಕಣಗಳ) ಗೆರೆಗೆ ತಾಗಿ ದೂರದ ಎಫ್‌ಎಂ ಕೇಂದ್ರದ ಅಲೆ ಒಂದು ಗಳಿಗೆ ಇಲ್ಲಿಗೆ ಚಿಮ್ಮುತ್ತದೆ. ಇಲ್ಲಿ ಯಾವ ಕೇಂದ್ರವೂ ಕೇಳದ ಖಾಲಿ ಆವರ್ತನದಲ್ಲಿ ಕಿವಿಯಿಟ್ಟು ಕುಳಿತರೆ, ಹಾಗೆ ಚಿಮ್ಮಿ ಬಂದ ತುಣುಕು ಸದ್ದೇ ಉಲ್ಕೆಯ ಸುಳಿವು. ಬಳಗದ ಹಿರಿಯರಾದ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು, “ತಮ್ಮಾ, ಚುಕ್ಕಿ ಬೀಳುವುದನ್ನು ನೋಡುವವರ ಬಗ್ಗೆ ಕೇಳಿದ್ದೇನೆ, ಕೇಳುವವರನ್ನು ಮಾತ್ರ ನೋಡಿಲ್ಲ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮರುದಿನವೇ ಲ್ಯಾಪ್‌ಟಾಪಿಗೆ ಸಿಕ್ಕಿಸುವ ರೇಡಿಯೊ ಡಾಂಗಲ್‌ಗೆ ಹಣ ಕಟ್ಟಿದೆ. ಎರಡು ಸಾವಿರದ ಎಂಟುನೂರೋ ಒಂಬೈನೂರೋ ಆಯಿತು.

ಆಂಟೆನಾ ಮನೆಯಲ್ಲೇ ಮಾಡಿದೆ. ಮೂರು ಕಡ್ಡಿಯ ಯಾಗಿ, ಹಳೆಯ ಟಿವಿ ಆಂಟೆನಾದಂಥದ್ದು. ಗುಜರಿ ಅಂಗಡಿಯಲ್ಲಿ ತೂಕಕ್ಕೆ ತಂದ ಅಲ್ಯುಮಿನಿಯಂ ಕೊಳವೆ, ಸುಮಾರು 450 ರೂಪಾಯಿ. ಕೇಬಲ್ ಟಿವಿಯವರು ಬಳಸುವ ಆರ್‌ಜಿ-6. ಟಿವಿ ಕೇಬಲ್ ಎಂದು ಮೂಗು ಮುರಿಯಬೇಡಿ, ಕೇಳುವುದಕ್ಕಷ್ಟೇ ಆದರೆ ಅದು ಧಾರಾಳವಾಗಿ ಸಾಕು.

ಏಪ್ರಿಲ್ 22ರ ಲೈರಿಡ್ ಉಲ್ಕಾವೃಷ್ಟಿಯ ದಿನ ಮಾಡಿನ ಮೇಲೆ ಕಟ್ಟಿ ಕುಳಿತೆ. ರಾತ್ರಿ ಹನ್ನೊಂದರ ಹೊತ್ತಿಗೆ ಖಾಲಿ ಆವರ್ತನದಲ್ಲಿ ಹಾಡು! ಅರಬ್ಬಿ ಹಾಡು. ಒಂದು ಗಳಿಗೆಯಲ್ಲ, ಪೂರ್ತಿ ನಲವತ್ತು ನಿಮಿಷ, ನಡುವೆ ಜಾಹೀರಾತೂ ಬಂತು. ಬಳಗಕ್ಕೆ ಫೋನ್ ಮಾಡಿ ಸಂಭ್ರಮಿಸಿಯೂ ಆಗಿತ್ತು. ಬೆಳಗ್ಗೆ ತಲೆ ತಣ್ಣಗಾದ ಮೇಲೆ ಗೊತ್ತಾದದ್ದು: ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಮೇಲೆ ತೇವದ ತಂಪು ಗಾಳಿಯ ಮೇಲೆ ಒಣ ಬಿಸಿ ಗಾಳಿ ಕುಳಿತು ರೇಡಿಯೊ ಅಲೆಗೆ ಕೊಳವೆಯೇ ಆಗಿಬಿಡುತ್ತದೆ, ಕೊಲ್ಲಿಯ ಕೇಂದ್ರಗಳು ನಮ್ಮ ಪಕ್ಕದ ಮನೆಯಂತೆ ಕೇಳುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ರಾಡಾರ್‌ಗೆ ಅರೇಬಿಯಾದ ಕರಾವಳಿ ಕಂಡದ್ದೂ ಇದೇ ಕೊಳವೆಯಿಂದ. ನನ್ನ ಮೊದಲ ಉಲ್ಕೆ ಹೀಗೆ ಕೊಲ್ಲಿಯ ಜಾಹೀರಾತಾಯಿತು. ಆರು ತಿಂಗಳು ಬಳಗದಲ್ಲಿ ನನ್ನನ್ನು ಶೇಖ್ ಎಂದೇ ಕರೆಯುತ್ತಿದ್ದರು.

ಆ ವರ್ಷದ ಆಗಸ್ಟ್ ಇನ್ನೂ ಕೆಟ್ಟದು. ಪರ್ಸೀಡ್‌ಗೆ ಎರಡು ದಿನ ಇರುವಾಗ ಡಾಂಗಲ್ ಸತ್ತಿತು. ಬಿಚ್ಚಿದರೆ ಒಳಗೆ ನೀರು. ಮೇಜಿನ ಮೇಲಿದ್ದ ಡಾಂಗಲ್ಲಿಗೆ ನೀರು ಎಲ್ಲಿಂದ? ಮಾಡಿನ ಮೇಲಿನ ಜೋಡಣೆಯಲ್ಲಿ ಸೇರಿದ ಮಳೆನೀರು ಕೇಬಲ್‌ನ ಹೆಣಿಗೆಯೊಳಗೇ ಹನ್ನೆರಡು ಮೀಟರ್ ಇಳಿದು ಬಂದಿತ್ತು. ಸ್ಟೀಲ್ ಸ್ಕ್ರೂ ಕೂತಲ್ಲಿ ಅಲ್ಯುಮಿನಿಯಂ ಉಪ್ಪುಗಾಳಿಗೆ ಬಿಳಿ ಹುಡಿಯಾಗಿ ಉದುರುತ್ತಿತ್ತು. ಎರಡನೇ ಡಾಂಗಲ್ 3,200. ಮನೆಯವಳು ಲೆಕ್ಕ ಕೇಳಲಿಲ್ಲ, ಕೇಳದೆ ಇದ್ದದ್ದೇ ಹೆಚ್ಚು ಚುಚ್ಚಿತು.

2022ರಲ್ಲಿ ಆಂಟೆನಾವನ್ನು ಅಟ್ಟಕ್ಕೆ ಸಾಗಿಸಿದೆ. ನಮ್ಮದು ಹೆಂಚಿನ ಮನೆ. ಒದ್ದೆ ಹೆಂಚು ಅಲೆಯನ್ನು ಸ್ವಲ್ಪ ನುಂಗುತ್ತದೆ, ಆದರೆ ಕೊಳವೆ ಉದುರುವುದಿಲ್ಲ, ಕೇಬಲ್ ನೆನೆಯುವುದಿಲ್ಲ. ತಗಡಿನ ಮಾಡಿನವರು ಈ ದಾರಿಗೆ ಬರುವುದು ಬೇಡ. ಎಲ್ಲ ಸರಿಯಾಯಿತು ಎಂದುಕೊಂಡ ವಾರದಲ್ಲೇ ಸದ್ದು ಪೂರ್ತಿ ಅಡಗಿತು. ಎರಡು ದಿನ ತಂತಿ, ಬೆಸುಗೆ, ಸಾಫ್ಟ್‌ವೇರ್ ಎಲ್ಲ ತಡಕಾಡಿದೆ. ಕೊನೆಗೆ ಅಟ್ಟ ಹತ್ತಿ ನೋಡಿದರೆ ಯಾಗಿಯ ಮೂರೂ ಕಡ್ಡಿಗಳ ಮೇಲೆ ಅಪ್ಪನ ಪಂಚೆ, ಎರಡು ಹಾಸಿಗೆಬಟ್ಟೆ, ಮಕ್ಕಳ ಶಾಲೆಯ ಅಂಗಿ. ಹೊರಗೆ ಬಟ್ಟೆ ಒಣಗದ ಕಾಲ. ಅಮ್ಮ ಬಹಳ ಮೆಚ್ಚಿಕೊಂಡಿದ್ದಳು: “ಮಗನೇ, ಚಲೋ ಮಾಡಿದೆ, ಇಂಥದ್ದೊಂದು ಬೇಕಾಗಿತ್ತು.” ಇನ್ನೂರು ರೂಪಾಯಿಯ ನೈಲಾನ್ ಹಗ್ಗ ಕಟ್ಟಿಕೊಟ್ಟ ಮೇಲೆ ನನ್ನ ಆಂಟೆನಾ ನನಗೆ ದಕ್ಕಿತು.

ಆದರೂ ಉಲ್ಕೆ ಇಲ್ಲ. ಎರಡು ಕಾಟ ಉಳಿದಿದ್ದವು. ಒಂದು, ಊರಿನದೇ ಎಫ್‌ಎಂ ಪ್ರಸಾರ. ಅದರ ಬಲಕ್ಕೆ ಡಾಂಗಲ್ ಕಿವುಡಾಗಿ, ಅದು ಇಲ್ಲದ ಆವರ್ತನಗಳಲ್ಲೆಲ್ಲ ಅದೇ ಹಾಡು ದೆವ್ವದಂತೆ ಕೇಳುತ್ತಿತ್ತು. ಅದನ್ನು ತಡೆಯುವ ಸಿದ್ಧ ಫಿಲ್ಟರ್ ಆಗ ಎರಡು ಸಾವಿರಕ್ಕೆ ಸಿಗುತ್ತಿತ್ತು, ನಾನು ಉಳಿದ ಕೇಬಲ್ ತುಂಡಿನಲ್ಲೇ ಮುಗಿಸಿದೆ. ಟಿ ಜೋಡಣೆಗೆ ಅರವತ್ತನಾಲ್ಕು ಸೆಂಟಿಮೀಟರ್ ಆರ್‌ಜಿ-6 ಸಿಕ್ಕಿಸಿ, ಆಚೆ ತುದಿಯನ್ನು ಹಾಗೇ ತೆರೆದಿಟ್ಟು, ಅರ್ಧರ್ಧ ಸೆಂಟಿಮೀಟರ್ ಕತ್ತರಿಸುತ್ತಾ ಬಂದೆ. ಅರವತ್ತರ ಆಸುಪಾಸಿಗೆ ಬಂದಾಗ ಊರಿನ ಕೇಂದ್ರದ ಸದ್ದು ಕುಸಿದುಬಿತ್ತು. ಈ ತುಂಡು ಅಕ್ಕಪಕ್ಕದ ಆವರ್ತನಗಳನ್ನೂ ತಿನ್ನುತ್ತದೆ, ಆದ್ದರಿಂದ ಕೇಳುವ ಆವರ್ತನ ಸಾಕಷ್ಟು ದೂರ ಇರಬೇಕು. ನಾನು ಕೇಳುವ ಆವರ್ತನ ಯಾವುದೆಂದು ಕೇಳಬೇಡಿ. ಅದಕ್ಕೆ ಮೂರು ತಿಂಗಳ ನಿದ್ದೆ ಕೊಟ್ಟಿದ್ದೇನೆ. ಯಾಗಿಯನ್ನು ಎಷ್ಟು ಮೇಲಕ್ಕೆ ಓರೆ ಮಾಡಿದ್ದೇನೆ ಎಂಬುದೂ ಸದ್ಯಕ್ಕೆ ನನ್ನ ಬಳಿಯೇ ಇರಲಿ. ಪೂರ್ವಕ್ಕೆ ಸಹ್ಯಾದ್ರಿ ಗೋಡೆಯಂತೆ ನಿಂತಿದೆ ಎಂಬುದನ್ನು ನೆನಪಿಟ್ಟುಕೊಂಡು ನೀವೇ ಲೆಕ್ಕ ಹಾಕಬಹುದು.

ಇನ್ನೊಂದು ಕಾಟವನ್ನು ಕಂಡುಹಿಡಿದದ್ದು ನಾನಲ್ಲ, ಕರೆಂಟ್. ಜುಲೈಯ ಒಂದು ರಾತ್ರಿ ಗಾಳಿಮಳೆಗೆ ಇಡೀ ಕೇರಿಯ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಲೇ ಇತ್ತು. ಹೆಡ್‌ಫೋನಿನಲ್ಲಿದ್ದ ಒರಟು ಗುರಗುರ ತಟ್ಟನೆ ಹೋಗಿ, ನುಣುಪಾದ ಸುಯ್ಯೆನ್ನುವ ಸದ್ದಷ್ಟೇ ಉಳಿಯಿತು. ಎರಡು ನಿಮಿಷವಾಗಿರಬೇಕು, ಆ ಸುಯ್ಯೆನ್ನುವುದು ಕತ್ತರಿಸಿದಂತೆ ನಿಂತು, ಹೆಣ್ಣುದನಿಯಲ್ಲಿ ಹಿಂದಿಯ ಒಂದೂವರೆ ಪದ ಬಂತು. “...ಮಾಚಾರ್ ಸ...” ಅಷ್ಟೇ. ಮತ್ತೆ ಸುಯ್. ಮೈ ಜುಮ್ಮೆಂದಿತು. ಇಪ್ಪತ್ತು ನಿಮಿಷದಲ್ಲಿ ಅಂಥವು ಐದು. ಕರೆಂಟ್ ಬಂತು, ಗುರಗುರ ಬಂತು, ಉಲ್ಕೆಗಳು ಹೋದವು. ಮನೆಯ ಅಗ್ಗದ ಎಲ್‌ಇಡಿ ಬಲ್ಬುಗಳೇ ಇಷ್ಟು ದಿನ ಕಿವಿ ಮುಚ್ಚಿದ್ದವು. ಒಂದೊಂದನ್ನೇ ಆರಿಸಿ ಹೊತ್ತಿಸಿ ನಾಲ್ಕು ಅಪರಾಧಿಗಳನ್ನು ಹಿಡಿದೆ, ಬದಲಿಸಲು ಆರುನೂರು ರೂಪಾಯಿ. ಪಕ್ಕದ ಮನೆಯ ವರಾಂಡದ ಬಲ್ಬನ್ನೂ ನನ್ನ ಖರ್ಚಿನಲ್ಲೇ ಬದಲಿಸಿಕೊಟ್ಟೆ. ಯಾಕೆಂದು ಅವರಿಗೆ ಇವತ್ತಿಗೂ ಹೇಳಿಲ್ಲ. ಊರಿಗೆಲ್ಲ ಕರೆಂಟ್ ಹೋದಾಗ ಹಿಗ್ಗುವವನು ಕಾರವಾರದಲ್ಲಿ ನಾನೊಬ್ಬನೇ ಇರಬೇಕು.

ಎಣಿಕೆ ಹೀಗೆ: ಕೇಂದ್ರವಿಲ್ಲದಾಗ ಸದ್ದು ಮುಚ್ಚುವ ಸ್ಕ್ವೆಲ್ಚ್ ತೆಗೆದು, ಗಂಟೆಗೊಂದು ಕಡತದಂತೆ ಸದ್ದನ್ನು ಮುದ್ರಿಸಿಕೊಂಡು, ಸುಯ್ಯೆನ್ನುವುದು ಕುಸಿದ ಜಾಗಗಳನ್ನು ಹುಡುಕುತ್ತೇನೆ. ಸಿಡಿಲು, ಸ್ವಿಚ್ಚು ಸದ್ದನ್ನು ಏರಿಸುತ್ತವೆ, ಉಲ್ಕೆ ಇಳಿಸುತ್ತದೆ. ವಿಮಾನವೂ ಇಳಿಸುತ್ತದೆ, ಆದರೆ ಗೋವಾಕ್ಕೆ ಹೋಗುವ ವಿಮಾನ ಅರ್ಧ ನಿಮಿಷ ಏರಿಳಿಯುತ್ತಾ ತೊಯ್ದಾಡುತ್ತದೆ. ಉಲ್ಕೆ ಹಾಗಲ್ಲ, ತಟ್ಟನೆ ಬಂದು ಕರಗುತ್ತದೆ.

“ಅದೆಲ್ಲ ವಿಮಾನವೇ” ಎಂದು ಬಳಗದ ಬ್ಯಾಂಕ್ ಗೆಳೆಯ ಹಟ ಹಿಡಿದ. ಅವನ ಬಾಯಿ ಮುಚ್ಚಿಸಲು 2023ರ ಜುಲೈಯಲ್ಲಿ ಹತ್ತು ದಿನ ಬೆಳಗಿನ ಆರರ ಗಂಟೆ, ಸಂಜೆಯ ಆರರ ಗಂಟೆ ಎಣಿಸಿದೆ. ಬೆಳಗ್ಗೆ ಸರಾಸರಿ ಹದಿನಾಲ್ಕೋ ಹದಿನೈದೋ, ಸಂಜೆ ನಾಲ್ಕೈದು. ಬೆಳಗಿನ ಜಾವ ನಾವಿರುವ ಮಗ್ಗುಲು ಭೂಮಿ ಓಡುವ ದಿಕ್ಕಿಗೆ ಮುಖ ಮಾಡಿರುತ್ತದೆ. ಮಳೆಯಲ್ಲಿ ಓಡಿಸುವ ಸ್ಕೂಟರಿನಂತೆ ಹನಿಯೆಲ್ಲ ಎದುರಿನಿಂದಲೇ ಹೊಡೆಯುತ್ತದೆ. ವಿಮಾನಗಳಿಗೆ ಈ ಶಿಸ್ತು ಎಲ್ಲಿಂದ ಬರಬೇಕು? ಗೆಳೆಯ ಚಹಾ ಕೊಡಿಸಿದ.

ಇದರ ನಡುವೆ ಒಂದು ಅಡ್ಡ ಪ್ರಯೋಗ. ಏರಿಯೆಟಿಡ್ ಎಂಬ ಉಲ್ಕಾವೃಷ್ಟಿ ಜೂನ್ 7ರ ಆಸುಪಾಸಿನಲ್ಲಿ ಹಾಡಹಗಲೇ ಬೀಳುತ್ತದೆ. 1947ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ಎಂಬ ಖಗೋಳ ವೀಕ್ಷಣಾಲಯದವರು ಪತ್ತೆ ಮಾಡಿದ್ದೂ ರೇಡಿಯೊದಿಂದಲೇ. ಕಚೇರಿಗೆ ರಜೆ ಹಾಕಿ ಬೆಳಗ್ಗೆ ಎಂಟರಿಂದ ಕುಳಿತೆ. ಎಣಿಕೆ ಏರಿದಂತೆ ಕಂಡಿತು, ಅಷ್ಟರಲ್ಲಿ ಎದುರು ಮನೆಯಲ್ಲಿ ಮಿಕ್ಸರ್ ಶುರುವಾಯಿತು. ಹಗಲಿನ ಕರಾವಳಿಯಲ್ಲಿ ಪ್ರತಿ ಮನೆಯಲ್ಲೂ ತೆಂಗಿನಕಾಯಿ ರುಬ್ಬುತ್ತಾರೆ. ಅದನ್ನು ಅಲ್ಲಿಗೇ ಬಿಟ್ಟೆ.

2023ರ ಆಗಸ್ಟ್ ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್. ಈ ಸಲ ಕಣ್ಣಿಗೇ ಕಾಣುತ್ತದೆ ಎಂದು ಬಳಗದ ಅರ್ಧ ಜನ ಸದಾಶಿವಗಡದ ಗುಡ್ಡ ಹತ್ತಿದರು. ಮಾಸ್ತರರು ಮೊಣಕಾಲು ನೋವೆಂದು ನನ್ನ ಮನೆಗೆ ಬಂದರು. ಹತ್ತೂವರೆಯ ಆಸುಪಾಸಿಗೆ ಪರ್ಸೀಡ್‌ಗಳು ಹೊಮ್ಮಿದಂತೆ ಕಾಣುವ ಮೂಲಬಿಂದು ಹುಟ್ಟುತ್ತದೆ, ಹನ್ನೆರಡರವರೆಗೆ ವಿಶೇಷವೇನೂ ಇರಲಿಲ್ಲ. ಎರಡರ ನಂತರ ಪದಗಳು ಉದುರತೊಡಗಿದವು. ಅರ್ಧ ಪದ, ತಬಲಾದ ಒಂದು ಪೆಟ್ಟು, ಒಮ್ಮೆ ಹಳೆಯ ಹಾಡಿನ ಒಂದಿಡೀ ಸಾಲು, ಎಂಟು ಸೆಕೆಂಡ್ ಇರಬಹುದು. ನಾಲ್ಕರಿಂದ ಐದರ ಗಂಟೆಯಲ್ಲಿ ನಲವತ್ತು ದಾಟಿತು. ಗುಡ್ಡ ಹತ್ತಿದವರು ಮೋಡದ ಸಂದಿಯಲ್ಲಿ ಎರಡು ಉಲ್ಕೆ ಕಂಡು, ಬೆಳಗ್ಗೆ ಕೆಸರು ಕಾಲಿನಲ್ಲಿ ಇಳಿದು ಬಂದರು.

ಮಾಸ್ತರರು ಹೆಡ್‌ಫೋನ್ ಹಾಕಿಕೊಂಡವರು ಬಿಚ್ಚಲೇ ಇಲ್ಲ. ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಐದೈದರ ಗೆರೆ ಎಳೆಯುತ್ತಾ ಕುಳಿತಿದ್ದರು. ಆ ಗಂಟೆಗೆ ಅವರ ಲೆಕ್ಕ ನಲವತ್ತಾರು, ನನ್ನ ಲ್ಯಾಪ್‌ಟಾಪಿನದು ನಲವತ್ತೆರಡು. ನಾನು ಧ್ವನಿಮುದ್ರಿಕೆಯನ್ನು ಮೂರು ಸಲ ತಿರುಗಿಸಿ ಕೇಳಿಸಿದೆ. ಮಾಸ್ತರರು ಪೆನ್ಸಿಲ್ ತುದಿಯಿಂದ ತಮ್ಮ ಗೆರೆಗಳನ್ನು ತಟ್ಟುತ್ತಾ, “ನಿನ್ನ ಯಂತ್ರಕ್ಕೆ ಕಿವಿ ಮಂದ” ಎಂದರು. ಆ ನಾಲ್ಕರ ಜಗಳ ಇನ್ನೂ ಮುಗಿದಿಲ್ಲ.